ಕರೆಂಟ್ ಹೋದಾಗ ಮಾತ್ರ ಸುಡುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ಬಿಸಿಯಾಗುವುದು ಸುದ್ದಿಯೇನಲ್ಲ. ಏಪ್ರಿಲ್ ತಿಂಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯಲ್ಲಿ ಮನೆಯ ಗೋಡೆ, ಬೈಕಿನ ಸೀಟು, ಟ್ಯಾಂಕಿನ ನೀರು ಎಲ್ಲವೂ ಬಿಸಿಯೇ. ಆದರೆ ನನ್ನ ಲ್ಯಾಪ್‌ಟಾಪಿನದು ಉಲ್ಟಾ ಕೇಸು. ಚಾರ್ಜರ್ ಸಿಕ್ಕಿಸಿ ಕೆಲಸ ಮಾಡಿದರೆ ಸುಮ್ಮನಿರುತ್ತಿತ್ತು. ಕರೆಂಟ್ ಹೋಗಿ ಬ್ಯಾಟರಿ ಮೇಲೆ ನಡೆಯಲು ಶುರುವಾಯಿತೆಂದರೆ 20 ನಿಮಿಷದಲ್ಲಿ ಕೀಬೋರ್ಡ್ ಮೇಲೆ ಬೆರಳಿಡಲು ಆಗುತ್ತಿರಲಿಲ್ಲ. ಇನ್ನೊಂದು ಕಾಲು ಗಂಟೆ ಹೋದರೆ ಸ್ಕ್ರೀನ್ ಕಪ್ಪು. ಬ್ಯಾಟರಿ 40 ಪರ್ಸೆಂಟ್ ಇದೆ ಎಂದು ತೋರಿಸುತ್ತಿರುವಾಗಲೇ ಆಫ್.

ಅವ್ವ ಒಂದು ಸಂಜೆ ಅದರ ಮೇಲೆ ಕೈ ಇಟ್ಟು ನೋಡಿ, "ಇನ್ನಾ ಸ್ವಲ್ಪ ಕಾಯ್ಲಿ ತಡಿ, ಎರಡು ರೊಟ್ಟಿ ಹಾಕ್ತೀನಿ" ಅಂದಳು.

ಸಾಮಾನ್ಯವಾಗಿ ನಡೆಯಬೇಕಾದದ್ದು ಇದಕ್ಕೆ ವಿರುದ್ಧ. ಬ್ಯಾಟರಿ ಮೇಲಿದ್ದಾಗ ಲ್ಯಾಪ್‌ಟಾಪ್ ಜಿಪುಣನಾಗುತ್ತದೆ. ಸ್ಕ್ರೀನಿನ ಬೆಳಕು ತಗ್ಗಿಸುತ್ತದೆ, ಪ್ರೊಸೆಸರಿನ ವೇಗ ಇಳಿಸುತ್ತದೆ. ಕೆಲಸ ಕಡಿಮೆ, ಬಿಸಿಯೂ ಕಡಿಮೆ. ಹಾಗಾಗಿ ನಾನು ಹೇಳಿದ್ದನ್ನು ಯಾರೂ ನಂಬುತ್ತಿರಲಿಲ್ಲ. "ಚಾರ್ಜಿಗೆ ಹಾಕಿದಾಗ ಬಿಸಿ ಆಗ್ತದ ಅನ್ರಿ ಸರ್, ನೀವು ತಿರುವಿ ಹೇಳ್ಲಿಕತ್ತೀರಿ" ಅಂತ ನನಗೇ ತಿದ್ದುತ್ತಿದ್ದರು.

ನಾನು ಪತ್ರಿಕೆಯೊಂದರ ಸ್ಟ್ರಿಂಗರ್. ಈ ಬ್ಲಾಗಿನಲ್ಲಿ ಬರೆಯುವ ಅರ್ಧ ಜನ ಅದೇ. ಪತ್ರಿಕೆ ಲ್ಯಾಪ್‌ಟಾಪ್ ಕೊಡುವುದಿಲ್ಲ, ಸಂಬಳವೂ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಲೆಕ್ಕ ಹಾಕಿ ತಿಂಗಳ ಕೊನೆಗೆ ಖಾತೆಗೆ ಬರುತ್ತದೆ. ನನಗೆ ಒಂದು ಸುದ್ದಿಗೆ 120 ರೂಪಾಯಿ. ಜಿಲ್ಲಾ ಪುಟ ಸಂಜೆ ಏಳೂವರೆಗೆ ಕಟ್ಟಿಬಿಡುತ್ತಾರೆ. ಏಳು ಮೂವತ್ತೈದಕ್ಕೆ ಕಳಿಸಿದ ಸುದ್ದಿ ನಾಳೆಯದು, ನಾಳೆ ಅದು ಹಳಸಿದ್ದು. ಅಂದರೆ 120 ರೂಪಾಯಿ ಹೋಯಿತು. ಅದಕ್ಕಿಂತ ದೊಡ್ಡದು, ಎಡದಂಡೆ ನಾಲೆಯ ಕೆಳಭಾಗದಲ್ಲಿ ಭತ್ತದ ಗದ್ದೆ ಒಣಗಿಸಿಕೊಂಡು ಕೂತ ರೈತನ ಮಾತು ಅಚ್ಚಾಗದೆ ಹೋಯಿತು. ಅವನು ಬೆಳಿಗ್ಗೆ ಚಹಾದಂಗಡಿಯಲ್ಲಿ ಪೇಪರ್ ತಿರುವಿ ಹಾಕಿ ನನಗೆ ಫೋನ್ ಮಾಡುತ್ತಾನೆ.

ಫೋನಿನಲ್ಲೇ ಬರೆಯಬಹುದಲ್ಲ ಎಂದು ನೀವು ಕೇಳಬಹುದು. ಸಣ್ಣ ಸುದ್ದಿಯನ್ನು ಫೋನಿನಲ್ಲೇ ಬರೆಯುತ್ತೇನೆ. ಆದರೆ ಪಂಚಾಯಿತಿಯಿಂದ ಮಾಹಿತಿ ಹಕ್ಕಿನಲ್ಲಿ ಬಂದ 60 ಪುಟದ ಪಿಡಿಎಫ್ ಓದಿ ಲೆಕ್ಕ ತಾಳೆ ಮಾಡುವುದು, ಕಚೇರಿಗಳಿಂದ ಬರುವ ನುಡಿ ಫೈಲನ್ನು ಯೂನಿಕೋಡಿಗೆ ಬದಲಿಸುವುದು, ಹತ್ತು ಫೋಟೊ ಕತ್ತರಿಸಿ ಕಳಿಸುವುದು, ಇದೆಲ್ಲ ಆರಿಂಚಿನ ಸ್ಕ್ರೀನಿನಲ್ಲಿ ಆಗುವ ಕೆಲಸವಲ್ಲ. 1,720 ಮೆಗಾವ್ಯಾಟಿನ ಶಾಖೋತ್ಪನ್ನ ಕೇಂದ್ರ ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ ಇದೆ. ಆದರೂ ಬೇಸಿಗೆಯ ಸಂಜೆ ನಾಲ್ಕು ಗಾಳಿ ಬೀಸಿತೆಂದರೆ ಊರು ಕತ್ತಲೆ. ಹಾಗಾಗಿ ನಮಗೆ ಬ್ಯಾಟರಿ ಎನ್ನುವುದು ಅಡ್ಡಿಗೆ ಇರುವ ವಸ್ತುವಲ್ಲ, ಸಂಜೆಯ ಪಾಳಿಯ ಆಳು ಅದೇ.

ತಾಲೂಕು ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಬಿಚ್ಚಲೂ ಇಲ್ಲ. ಆನ್ ಮಾಡಿದ, ಐದು ನಿಮಿಷ ನೋಡಿದ, "ಮದರ್‌ಬೋರ್ಡ್ ಶಾರ್ಟ್ ಅದ ಸರ್, 8,500 ಆಗ್ತದ. ಇಲ್ಲಾಂದ್ರ ಎಕ್ಸ್‌ಚೇಂಜ್ ಮಾಡ್ಕೊಳ್ರಿ" ಅಂದ. ನಾಲ್ಕು ವರ್ಷದ ಹಿಂದೆ 16,000ಕ್ಕೆ ಸೆಕೆಂಡ್ ಹ್ಯಾಂಡ್ ತಂದ ಲ್ಯಾಪ್‌ಟಾಪಿಗೆ 8,500. ಚಾರ್ಜರ್ ಹಾಕಿದಾಗ ಇಲ್ಲದ ಶಾರ್ಟ್, ತೆಗೆದಾಗ ಮಾತ್ರ ಹೇಗೆ ಬರುತ್ತದೆ ಎಂದು ಕೇಳಿದೆ. "ಹಂಗೇ ಸರ್ ಅದು" ಅಂದ. ವಾಪಸ್ ತಂದೆ.

ದೊಡ್ಡಪ್ಪನ ಮಗ ಅಣ್ಣ ಮೋಟಾರ್ ರಿವೈಂಡಿಂಗ್ ಮಾಡುತ್ತಾನೆ. ಪಂಪ್‌ಸೆಟ್ಟಿನ ಮೋಟಾರು, ಸಬ್‌ಮರ್ಸಿಬಲ್ಲು, ಹಿಟ್ಟಿನ ಗಿರಣಿಯ ಮೋಟಾರು. ಕಂಪ್ಯೂಟರ್ ಅವನಿಗೆ ಬಾರದು. ಆದರೆ ಸುಟ್ಟದ್ದು ಯಾಕೆ ಸುಟ್ಟಿತು ಎಂದು ಹುಡುಕುವುದರಲ್ಲೇ ಇಪ್ಪತ್ತು ವರ್ಷ ಕಳೆದವನು. ಅವನ ಮುಂದೆ ಕಥೆ ಹೇಳಿದೆ. ತಾಮ್ರದ ತಂತಿ ಸುತ್ತುತ್ತಲೇ ಕೇಳಿದ:

"ಬಿಸಿ ಅಂದ್ರ ಎಲ್ಲಿ ಬಿಸಿ? ಬೇರಿಂಗ್ ಕಡೆನೋ, ಕಾಯಿಲ್ ಕಡೆನೋ? ಅದು ಗೊತ್ತಿಲ್ಲದ ಏನ್ ಬಿಚ್ತೀ ತಮ್ಮಾ?"

ಲ್ಯಾಪ್‌ಟಾಪ್ ಬಗ್ಗೆ ನನಗೆ ಸಿಕ್ಕ ಅತಿ ಒಳ್ಳೆಯ ಪ್ರಶ್ನೆ ಇದೇ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಮುಂಭಾಗದಲ್ಲಿರುತ್ತದೆ, ಅಂಗೈ ಊರುವ ಜಾಗ ಮತ್ತು ಟಚ್‌ಪ್ಯಾಡಿನ ಕೆಳಗೆ. ಪ್ರೊಸೆಸರ್ ಮತ್ತು ಫ್ಯಾನ್ ಹಿಂಭಾಗದಲ್ಲಿ, ಸ್ಕ್ರೀನ್ ಮಡಚುವ ಕೀಲಿನ ಹತ್ತಿರ. ಹಿಂದೆ ಬಿಸಿಯಾದರೆ ರೋಗ ಬೇರೆ, ಮುಂದೆ ಬಿಸಿಯಾದರೆ ರೋಗ ಬೇರೆ.

ಅಳೆಯೋಣವೆಂದು ಆಶಾ ಕಾರ್ಯಕರ್ತೆ ಅಕ್ಕನ ಹತ್ತಿರ ಕೊರೊನಾ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಇಸಿದುಕೊಂಡು ಬಂದೆ. ಅದು ಮನುಷ್ಯರ ಜ್ವರಕ್ಕೆ ಮಾಡಿದ್ದು, 43 ಡಿಗ್ರಿಯ ಆಚೆ ಅದಕ್ಕೆ ಲೆಕ್ಕ ಬರುವುದಿಲ್ಲ. "ಹೈ" ಎಂದು ತೋರಿಸಿ ಕೂಗಿಕೊಂಡಿತು. ಕೊನೆಗೆ ಅಣ್ಣ ಹೇಳಿದಂತೆ ಅಂಗೈ ಬಿಟ್ಟು ಕೈಯ ಹಿಂಬದಿಯನ್ನೇ ಇಟ್ಟು ನೋಡಿದೆ. ಒಳಗಿನ ಪ್ರೊಸೆಸರಿನ ತಾಪ ತೋರಿಸುವ ಉಚಿತ ಸಾಫ್ಟ್‌ವೇರ್ ಒಂದನ್ನೂ ಹಾಕಿಕೊಂಡೆ.

ಚಾರ್ಜರ್ ಮೇಲೆ ಅರ್ಧ ಗಂಟೆ: ಹಿಂದೆ ಉಗುರು ಬೆಚ್ಚಗೆ, ಫ್ಯಾನ್ ಸದ್ದು ಕೇಳುತ್ತಿದೆ, ಪ್ರೊಸೆಸರ್ 68 ಡಿಗ್ರಿ. ಚಾರ್ಜರ್ ಕಿತ್ತು ಅದೇ ಕೆಲಸ, ಅದೇ ಅರ್ಧ ಗಂಟೆ: ಹಿಂದೆ ಸುಡುತ್ತಿದೆ, 91 ಡಿಗ್ರಿ. ಮುಂದೆ ತಳಭಾಗದಲ್ಲೂ ಸುಡುತ್ತಿದೆ. ಆದರೆ ಫ್ಯಾನ್ ಸದ್ದೇ ಇಲ್ಲ.

ಅಂದರೆ ಒಲೆ ಎರಡು. ಅಂಗಡಿಯವನು ಹೇಳಿದ ಮದರ್‌ಬೋರ್ಡಿನಲ್ಲಿ ಒಂದೂ ಇರಲಿಲ್ಲ.

ಮೊದಲು ಫ್ಯಾನಿನ ಮೌನದ ವಿಷಯ. ಇದು ಹೆಚ್ಚು ಜನರಿಗೆ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಂಡೋಸ್‌ನಲ್ಲಿ ಕಂಟ್ರೋಲ್ ಪ್ಯಾನಲ್ ತೆರೆದು ಪವರ್ ಆಪ್ಷನ್ಸ್‌ಗೆ ಹೋಗಿ. ನೀವು ಬಳಸುವ ಪ್ಲ್ಯಾನಿನ ಪಕ್ಕದಲ್ಲಿ ಸೆಟ್ಟಿಂಗ್ ಬದಲಿಸುವ ಸಾಲಿರುತ್ತದೆ, ಅದರೊಳಗೆ ಅಡ್ವಾನ್ಸ್‌ಡ್ ಎಂಬುದಿದೆ. ಅಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಎಂಬುದನ್ನು ಬಿಡಿಸಿದರೆ ಸಿಸ್ಟಮ್ ಕೂಲಿಂಗ್ ಪಾಲಿಸಿ ಎಂಬ ಸಾಲು ಸಿಗುತ್ತದೆ. ಅದಕ್ಕೆ ಎರಡು ಉತ್ತರ: ಆ್ಯಕ್ಟಿವ್, ಪ್ಯಾಸಿವ್. ಆ್ಯಕ್ಟಿವ್ ಎಂದರೆ ಬಿಸಿಯಾದ ತಕ್ಷಣ ಮೊದಲು ಫ್ಯಾನ್ ಜೋರು ಮಾಡು, ಅದರಿಂದಲೂ ಆಗದಿದ್ದರೆ ಪ್ರೊಸೆಸರ್ ನಿಧಾನ ಮಾಡು. ಪ್ಯಾಸಿವ್ ಎಂದರೆ ಮೊದಲು ಪ್ರೊಸೆಸರ್ ನಿಧಾನ ಮಾಡು, ಫ್ಯಾನ್ ಆಮೇಲೆ ನೋಡೋಣ. ಚಾರ್ಜರ್ ಇದ್ದಾಗ ಆ್ಯಕ್ಟಿವ್, ಬ್ಯಾಟರಿ ಇದ್ದಾಗ ಪ್ಯಾಸಿವ್ ಎಂದು ಎಷ್ಟೋ ಲ್ಯಾಪ್‌ಟಾಪ್‌ಗಳು ಬರುವಾಗಲೇ ಹಾಗೆ ಬಂದಿರುತ್ತವೆ. ಫ್ಯಾನ್ ತಿರುಗಲೂ ಬ್ಯಾಟರಿ ಬೇಕಲ್ಲ, ಅದನ್ನು ಉಳಿಸುವ ಲೆಕ್ಕ.

ಏಸಿ ಕೋಣೆಯಲ್ಲಿ ಕೂತವರಿಗೆ ಈ ಲೆಕ್ಕ ಸರಿ. ಕೋಣೆ 24 ಡಿಗ್ರಿ ಇದ್ದರೆ ಪ್ರೊಸೆಸರ್ ಸ್ವಲ್ಪ ನಿಧಾನವಾದರೂ ತಾನಾಗಿಯೇ ತಣ್ಣಗಾಗುತ್ತದೆ. ಎಷ್ಟೋ ಕಂಪನಿಗಳ ಕೈಪಿಡಿಯಲ್ಲೇ ಲ್ಯಾಪ್‌ಟಾಪ್ ಬಳಸುವ ಜಾಗ 35 ಡಿಗ್ರಿಯೊಳಗೆ ಇರಬೇಕು ಎಂದು ಬರೆದಿರುತ್ತದೆ. ನಮ್ಮ ಪಡಸಾಲೆ ಮೇ ತಿಂಗಳ ಸಂಜೆ ಐದಕ್ಕೇ ಅದರ ಆಚೆ ಇರುತ್ತದೆ. ಈ ಸೆಖೆಯಲ್ಲಿ ಫ್ಯಾನ್ ನಿಲ್ಲಿಸಿ ಬ್ಯಾಟರಿ ಉಳಿಸುವುದು, ಎಣ್ಣೆ ಉಳಿಸಲು ಇಂಜಿನ್ ಸುಟ್ಟುಕೊಂಡ ಹಾಗೆ. ಬ್ಯಾಟರಿಯ ಸಾಲಿಗೂ ಆ್ಯಕ್ಟಿವ್ ಎಂದು ಹಾಕಿದೆ. ಅಲ್ಲೇ ಗರಿಷ್ಠ ಪ್ರೊಸೆಸರ್ ಸ್ಟೇಟ್ ಎಂಬ ಇನ್ನೊಂದು ಸಾಲಿದೆ. ಬ್ಯಾಟರಿಯ ಕಡೆ 100 ಇದ್ದದ್ದನ್ನು 99 ಮಾಡಿದೆ. ಒಂದೇ ಪರ್ಸೆಂಟಿನಿಂದ ಏನಾಗುತ್ತದೆ ಅನಿಸಬಹುದು. ಆದರೆ ಬಹಳಷ್ಟು ಪ್ರೊಸೆಸರ್‌ಗಳು 100 ಇದ್ದಾಗ ಮಾತ್ರ ತಮ್ಮ ಮಾಮೂಲಿ ವೇಗ ಮೀರಿ ಓಡುತ್ತವೆ. 99 ಎಂದರೆ ಆ ಹೆಚ್ಚುವರಿ ಓಟ ಬಂದ್. ಸುದ್ದಿ ಟೈಪ್ ಮಾಡಲು ಆ ಓಟ ಬೇಕಿಲ್ಲ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಎರಡೂ ಸಾಲು ಕಾಣಿಸುವುದಿಲ್ಲ. ಆಗ ಕಂಪನಿಯವರೇ ಹಾಕಿಕೊಟ್ಟ ಆ್ಯಪ್‌ನಲ್ಲಿ ಫ್ಯಾನ್ ಅಥವಾ ಥರ್ಮಲ್ ಎಂಬ ಹೆಸರಿನಲ್ಲಿ ಹುಡುಕಬೇಕು.

91 ಇದ್ದದ್ದು 76ಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲ.

ಆದರೂ ಮುಂಭಾಗ ಸುಡುವುದು ನಿಲ್ಲಲಿಲ್ಲ. 40 ಪರ್ಸೆಂಟಿಗೆ ಆಫ್ ಆಗುವುದೂ ನಿಲ್ಲಲಿಲ್ಲ. ಅದು ಎರಡನೆಯ ಒಲೆ.

ಬ್ಯಾಟರಿಯ ಆರೋಗ್ಯ ನೋಡಲು ವಿಂಡೋಸ್‌ನಲ್ಲೇ ಒಂದು ಪರೀಕ್ಷೆಯಿದೆ, ಯಾವ ಅಂಗಡಿಗೂ ಹೋಗಬೇಕಿಲ್ಲ. ಸ್ಟಾರ್ಟ್ ಒತ್ತಿ ಸಿ ಎಂ ಡಿ ಎಂದು ಟೈಪ್ ಮಾಡಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಮುಂದಕ್ಕೆ ವಾಲಿದ ಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ವರದಿಯನ್ನು ಎಲ್ಲಿ ಇಟ್ಟಿದ್ದೇನೆ ಎಂದು ಅದೇ ಹೇಳುತ್ತದೆ, ಬ್ರೌಸರಿನಲ್ಲಿ ತೆರೆಯಬಹುದು. ಅದರಲ್ಲಿ ನೋಡಬೇಕಾದ್ದು ಎರಡೇ ಅಂಕಿ: ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ. ನನ್ನದರಲ್ಲಿ ಮೊದಲನೆಯದು 41,040, ಎರಡನೆಯದು 16,830. ನೂರಕ್ಕೆ 41.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ತುಂಗಭದ್ರಾ ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಲೆಕ್ಕಕ್ಕೆ ಸಿಗುವುದು ಸುಮಾರು 105. ನೀರಿನ ಮಟ್ಟ ಮೇಲಿನ ಗೆರೆ ಮುಟ್ಟಿದಾಗ ಟಿವಿಯವರು ಡ್ಯಾಂ ತುಂಬಿತು ಎನ್ನುತ್ತಾರೆ, ಸುಳ್ಳಲ್ಲ. ಆದರೆ ಮೊದಲು ತುಂಬಿದ್ದಕ್ಕೂ ಈಗ ತುಂಬಿದ್ದಕ್ಕೂ ಇರುವ ವ್ಯತ್ಯಾಸ ಕೆಳಭಾಗದ ರೈತನಿಗೆ ಗೊತ್ತು. ನನ್ನ ಬ್ಯಾಟರಿ ತೋರಿಸುತ್ತಿದ್ದ 100 ಪರ್ಸೆಂಟೂ ಅಂಥದ್ದೇ.

ಸರಿ, ಕಡಿಮೆ ಹಿಡಿಯುತ್ತದೆ. ಅದಕ್ಕೆ ಬೇಗ ಮುಗಿಯಬೇಕು, ಬಿಸಿ ಯಾಕೆ ಆಗಬೇಕು? ಇದನ್ನು ಬಿಡಿಸಿ ಹೇಳಿದ್ದು ಅಣ್ಣ.

"ಲೋ ವೋಲ್ಟೇಜ್‌ನಾಗ ಮೋಟಾರ್ ಹಚ್ಚಿದ್ರ ಏನಾಗ್ತದ?"

"ಸುಡ್ತದ."

"ಯಾಕ?"

ಪಂಪ್‌ಸೆಟ್ ಇದ್ದವರಿಗೆಲ್ಲ ಉತ್ತರ ಗೊತ್ತು. ನೀರು ಎತ್ತುವ ಭಾರ ಅಷ್ಟೇ ಇರುತ್ತದೆ. ವೋಲ್ಟೇಜ್ ಕಡಿಮೆಯಾದರೆ ಅದೇ ಭಾರ ಎತ್ತಲು ಮೋಟಾರು ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಹೆಚ್ಚಾದರೆ ಕಾಯಿಲ್ ಕಾಯುತ್ತದೆ. ಅದೂ ಸರಿಸಮವಾಗಿ ಅಲ್ಲ, ಆಂಪಿಯರ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಲ್ಯಾಪ್‌ಟಾಪ್ ಬ್ಯಾಟರಿಯಲ್ಲೂ ಇದೇ ನಡೆಯುವುದು. ನನ್ನದರಲ್ಲಿ ಮೂರು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದ್ದಾರೆ. ತುಂಬಿದಾಗ 12.6 ವೋಲ್ಟ್, ಖಾಲಿಯಾಗುತ್ತಾ ಬಂದಂತೆ 9ರ ಹತ್ತಿರ ಇಳಿಯುತ್ತದೆ. ಲ್ಯಾಪ್‌ಟಾಪಿಗೆ 20 ವ್ಯಾಟ್ ಬೇಕೆಂದರೆ ಮೊದಲು ಒಂದೂವರೆ ಆಂಪಿಯರ್ ಚಿಲ್ಲರೆ ಸಾಕು, ಕೊನೆಗೆ ಎರಡಕ್ಕಿಂತ ಹೆಚ್ಚು ಬೇಕು. ಇದು ಹೊಸ ಬ್ಯಾಟರಿಯಲ್ಲೂ ಇರುವಂಥದ್ದೇ. ಹಳೆಯದರಲ್ಲಿ ಇನ್ನೊಂದು ಕೂಡಿಕೊಳ್ಳುತ್ತದೆ. ಸೆಲ್ ಹಳತಾದಂತೆ ಅದರೊಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ಇರುವ ಅಡ್ಡಿ, ಏರುತ್ತದೆ. ಜೋಡಣೆ ಸಡಿಲಾದ ಸ್ಟಾರ್ಟರಿನ ವೈರು ಸುಡುತ್ತದಲ್ಲ, ಹಾಗೆ. ಕರೆಂಟಿನ ಒಂದು ಪಾಲು ಹೊರಗೆ ಬರುವ ಬದಲು ಒಳಗೇ ಬಿಸಿಯಾಗಿ ಖರ್ಚಾಗುತ್ತದೆ. ಭಾರ ಜಾಸ್ತಿಯಾದಾಗ ವೋಲ್ಟೇಜ್ ದಿಢೀರನೆ ಕುಸಿಯುತ್ತದೆ, 40 ಪರ್ಸೆಂಟ್ ಇದ್ದರೂ ಲ್ಯಾಪ್‌ಟಾಪ್ ಕೈಬಿಡುತ್ತದೆ.

ಚಾರ್ಜರ್ ಇದ್ದಾಗ ಯಾಕೆ ತಣ್ಣಗಿತ್ತು ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. ಆಗ ಲ್ಯಾಪ್‌ಟಾಪ್ ನಡೆಯುವುದು ಚಾರ್ಜರಿನ ಕರೆಂಟಿನಲ್ಲಿ. ಪೂರ್ತಿ ತುಂಬಿದ ಬ್ಯಾಟರಿ ಮಲಗಿರುತ್ತದೆ. ಮುದುಕನನ್ನು ಎಬ್ಬಿಸಿ ಮೂಟೆ ಹೊರಿಸಿದಾಗಲೇ ಏದುಸಿರು.

ಈ ಮೂಟೆಯಲ್ಲಿ ಏನೇನಿತ್ತು ಎಂದು ಆಮೇಲೆ ಹುಡುಕಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಯಾವ ಪ್ರೋಗ್ರಾಂ ಪ್ರೊಸೆಸರನ್ನು ಎಷ್ಟು ತಿನ್ನುತ್ತಿದೆ ಎಂದು ಅಲ್ಲಿ ಕಾಣುತ್ತದೆ. ಫೋಟೊಗಳನ್ನು ತಾನಾಗಿಯೇ ಮೇಲಕ್ಕೆ ಕಳಿಸುವ ಒಂದು ಪ್ರೋಗ್ರಾಂ, ಬ್ರೌಸರಿನಲ್ಲಿ ತಾನಾಗಿ ಓಡುವ ಜಾಹೀರಾತಿನ ವಿಡಿಯೊ, ಇವೆರಡು ಮೇಲಿದ್ದವು. ನಿಲ್ಲಿಸಿದೆ.

ಟಾಸ್ಕ್ ಮ್ಯಾನೇಜರಿನಲ್ಲಿ ಕಾಣದ ಒಂದು ಹೊರೆ ಇತ್ತು. ಕರೆಂಟ್ ಹೋದರೆ ವೈಫೈ ಡಬ್ಬಿಯೂ ಸಾಯುತ್ತದೆ, ಆಗ ನೆಟ್ ಫೋನಿನಿಂದ. ಹಾಟ್‌ಸ್ಪಾಟಿಗಿಂತ ಕೇಬಲ್ ಹಾಕಿದರೆ ಸಿಗ್ನಲ್ ಗಟ್ಟಿ ಎಂದು ನಾವೆಲ್ಲ ಯುಎಸ್‌ಬಿ ಕೇಬಲ್ಲಿನಲ್ಲೇ ಫೋನ್ ಜೋಡಿಸುತ್ತೇವೆ. ಕೇಬಲ್ ಹಾಕಿದ ಕೂಡಲೇ ಫೋನ್ ಚಾರ್ಜ್ ಆಗಲು ಶುರುವಾಗುತ್ತದೆ. ಯಾವುದರಿಂದ? ಲ್ಯಾಪ್‌ಟಾಪಿನ ಬ್ಯಾಟರಿಯಿಂದ. ಹಳೆಯ ಮಾದರಿಯ ಯುಎಸ್‌ಬಿ ಕಿಂಡಿಯಾದರೆ ಎರಡೂವರೆ ವ್ಯಾಟ್, ನೀಲಿ ಬಣ್ಣದ ಕಿಂಡಿಯಾದರೆ ನಾಲ್ಕೂವರೆ ವ್ಯಾಟಿನವರೆಗೆ ಎಳೆಯಬಹುದು. 15 ವ್ಯಾಟಿನಲ್ಲಿ ಟೈಪಿಂಗ್ ಮಾಡುವ ಲ್ಯಾಪ್‌ಟಾಪಿಗೆ ಇದು ಸಣ್ಣ ಭಾರವಲ್ಲ. ಈಗ ಹಾಟ್‌ಸ್ಪಾಟೇ ಬಳಸುತ್ತೇನೆ. ಫೋನನ್ನು ಲ್ಯಾಪ್‌ಟಾಪಿನ ಮೇಲೆ ಇಡುವುದಿಲ್ಲ, ಕಿಟಕಿಯಲ್ಲಿ ಇಡುತ್ತೇನೆ. ಅದೂ ಬಿಸಿಯಾಗುವ ಪ್ರಾಣಿಯೇ.

ಧೂಳಿನ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. ತಳದ ಸ್ಕ್ರೂ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆದು, ಆಮೇಲೆ ಮೆತ್ತನೆಯ ಬ್ರಷ್ಷಿನಿಂದ ಫ್ಯಾನ್ ಒರೆಸಿದೆವು. ಒಳಗಿದ್ದದ್ದು ಬರೀ ಧೂಳಲ್ಲ, ಹತ್ತಿಯ ನವಿರು. ನಮ್ಮದು ಹತ್ತಿ ಸೀಮೆ, ಜಿನ್ನಿಂಗ್ ಮಿಲ್ಲಿನ ಸುದ್ದಿಗೆ ಹೋಗಿ ಬಂದ ಬ್ಯಾಗಿನಲ್ಲೇ ಅರ್ಧ ಹಿಂಜಿ ಹತ್ತಿ ಇರುತ್ತದೆ. ಗಾಳಿ ಹೊರಹೋಗುವ ತಾಮ್ರದ ಜಾಲರಿಗೆ ಅದು ಕಂಬಳಿಯಂತೆ ಮೆತ್ತಿಕೊಂಡಿತ್ತು. ಟೈರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಬೇಡಿ. ಫ್ಯಾನ್ ಹುಚ್ಚುಹುಚ್ಚಾಗಿ ತಿರುಗಿ ಹಾಳಾಗುತ್ತದೆ, ಆ ಗಾಳಿಯಲ್ಲಿ ನೀರಿನ ಅಂಶವೂ ಇರುತ್ತದೆ.

ಇನ್ನು ಕೂರುವ ಜಾಗ. ಕರೆಂಟ್ ಹೋದರೆ ಒಳಗೆ ಯಾರೂ ಕೂರುವುದಿಲ್ಲ. ಅಂಗಳದಲ್ಲಿ ಹೊರಸು ಹಾಕಿ, ಅದರ ಮೇಲೆ ಕೌದಿ, ಕೌದಿಯ ಮೇಲೆ ಲ್ಯಾಪ್‌ಟಾಪ್. ಎಲ್ಲ ಊರಲ್ಲೂ ಇದೇ ಚಿತ್ರ. ಪೇಟೆಯ ಮೇಜಿನ ಮೇಲೆ ಚಾರ್ಜರ್, ಊರಿನ ಕೌದಿಯ ಮೇಲೆ ಬ್ಯಾಟರಿ ಎಂದಾಗುವುದರಿಂದಲೇ ಎಷ್ಟೋ ಜನರಿಗೆ ಬ್ಯಾಟರಿಯೇ ಬಿಸಿಯ ಮೂಲ ಅನಿಸುತ್ತದೆ. ಲ್ಯಾಪ್‌ಟಾಪ್ ಗಾಳಿ ಎಳೆಯುವುದು ಹೊಟ್ಟೆಯ ಕಡೆಯಿಂದ. ಕೌದಿ ಆ ಬಾಯಿ ಮುಚ್ಚುತ್ತದೆ. ನಮ್ಮ ಕಟ್ಟೆಗೆ ಶಹಾಬಾದ್ ಕಲ್ಲು ಹಾಸಿದೆ. ಸಂಜೆ ಒಂದು ಬಕೆಟ್ ನೀರು ಚೆಲ್ಲಿ, ಕಲ್ಲು ಪೂರ್ತಿ ಒಣಗಿದ ಮೇಲೆ ಅದರ ಮೇಲಿಟ್ಟು, ಹಿಂದಿನ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟರೆ ಗಾಳಿ ಆಡುತ್ತದೆ. ಕೌದಿಯ ಮೇಲಿಟ್ಟು ಒಮ್ಮೆ, ಕಲ್ಲಿನ ಮೇಲಿಟ್ಟು ಒಮ್ಮೆ ಅಳೆದು ನೋಡಿದೆ. ಅದೇ ಕೆಲಸಕ್ಕೆ 9 ಡಿಗ್ರಿ ವ್ಯತ್ಯಾಸ ಬಂತು. ಕೂಲಿಂಗ್ ಪ್ಯಾಡ್ ಎಂದು ಮಾರುತ್ತಾರಲ್ಲ, ಅದರ ಫ್ಯಾನೂ ನಿಮ್ಮ ಯುಎಸ್‌ಬಿಯಿಂದಲೇ ಕರೆಂಟ್ ತಿನ್ನುತ್ತದೆ. ಬ್ಯಾಟರಿ ಮೇಲೆ ಕೆಲಸ ಮಾಡುವವರಿಗೆ ಅದರಿಂದ ಲಾಭ ಕಡಿಮೆ ಎಂದು ನನ್ನ ಅಭಿಪ್ರಾಯ. ಕಲ್ಲು ಪುಕ್ಕಟೆ.

ಬೈಕಿನಲ್ಲಿ ಓಡಾಡುವವರು ಇನ್ನೊಂದನ್ನು ಗಮನಿಸಿ. ಮುಚ್ಚಳ ಮಡಚಿದರೆ ಲ್ಯಾಪ್‌ಟಾಪ್ ಮಲಗುತ್ತದೆ, ಆಫ್ ಆಗುವುದಿಲ್ಲ. ಈಗಿನವು ಮಲಗಿದಲ್ಲೇ ಎದ್ದು ಅಪ್‌ಡೇಟ್ ಹುಡುಕುತ್ತವೆ. ಬ್ಯಾಗಿನೊಳಗೆ, ಬಿಸಿಲಿನಲ್ಲಿ, ಬೆನ್ನಿಗೆ ಒತ್ತಿಕೊಂಡು. ಹಳ್ಳಿಗೆ ಹೊರಡುವ ಮುಂಚೆ ಪೂರ್ತಿ ಶಟ್‌ಡೌನ್ ಮಾಡುವುದೇ ಲೇಸು.

ಇಷ್ಟೆಲ್ಲ ಮಾಡಿದರೂ ಹಳೆ ಬ್ಯಾಟರಿ ಹಳೆಯದೇ. ಹೊಸದು ತರಬೇಕಾಯಿತು. ಪೇಟೆಯಲ್ಲಿ 1,400ಕ್ಕೆ ಒಂದು ಸಿಕ್ಕಿತು, ಮೇಲೆ ಕಂಪನಿಯ ಹೆಸರು ಮಾತ್ರ ಇತ್ತು. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ 3,600. ನನ್ನ ಲೆಕ್ಕದಲ್ಲಿ ಅದು 30 ಸುದ್ದಿ. ಒಂದು ದಿನ ಯೋಚಿಸಿ ದುಬಾರಿಯದನ್ನೇ ತಂದೆ. ಲಿಥಿಯಂ ಬ್ಯಾಟರಿ ಅಂದರೆ ಬೆಂಕಿಯನ್ನು ಡಬ್ಬಿಯಲ್ಲಿ ಹಿಡಿದಿಟ್ಟ ಹಾಗೆ, ಅದನ್ನು ಕಾಯುವ ಸಣ್ಣ ಸರ್ಕ್ಯೂಟ್ ಬೋರ್ಡ್ ಒಳಗಿರುತ್ತದೆ. ಅಗ್ಗದ್ದರಲ್ಲಿ ಮೊದಲು ಉಳಿಸುವುದೇ ಆ ಕಾವಲುಗಾರನ ಕೂಲಿಯನ್ನು. ಇಂಥ ಬ್ಯಾಟರಿಗಳಿಗೆ ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಕಡ್ಡಾಯ. ಲೇಬಲ್ಲಿನ ಮೇಲೆ ಐಎಸ್ 16046 ಎಂಬ ಸಂಖ್ಯೆ, ಜೊತೆಗೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. 1,400ರದ್ದರಲ್ಲಿ ಎರಡೂ ಇರಲಿಲ್ಲ.

ಈಗ ಅದೇ ಲ್ಯಾಪ್‌ಟಾಪ್ ಕರೆಂಟ್ ಇಲ್ಲದೆ ಮೂರು ಗಂಟೆ ನಡೆಯುತ್ತದೆ, ಪ್ರೊಸೆಸರ್ 70ರ ಆಸುಪಾಸು. ಹೊಸ ಬ್ಯಾಟರಿ ಹೆಚ್ಚು ಕಾಲ ಬಾಳಬೇಕೆಂದರೆ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸಿ ಎನ್ನುತ್ತಾರೆ. ಮಾತು ನಿಜ. ಪೂರ್ತಿ ತುಂಬಿಕೊಂಡು ಬಿಸಿಲಲ್ಲಿ ಕೂತ ಬ್ಯಾಟರಿ ಬೇಗ ಮುದಿಯಾಗುತ್ತದೆ. ಆದರೆ ಸಂಜೆ ಕರೆಂಟ್ ಇರುತ್ತದೋ ಇಲ್ಲವೋ ಎನ್ನುವವನಿಗೆ ಆ 20 ಪರ್ಸೆಂಟೇ ಒಂದು ಸುದ್ದಿ. ಮಳೆಗಾಲದಲ್ಲಿ, ಪೇಟೆಯಲ್ಲಿ ಕೂತ ದಿನ 80ಕ್ಕೆ ನಿಲ್ಲಿಸುತ್ತೇನೆ. ಬೇಸಿಗೆಯಲ್ಲಿ ಹಳ್ಳಿಗೆ ಹೋಗುವ ದಿನ ಹೊರಡುವ ಒಂದು ಗಂಟೆ ಮುಂಚೆ ಪೂರ್ತಿ ತುಂಬಿಸುತ್ತೇನೆ. ಇದು ನನ್ನ ರಾಜಿ, ನಿಮ್ಮದು ಬೇರೆ ಇರಬಹುದು.

ನನ್ನದು ಸರಿಹೋಯಿತೆಂದು ಸುದ್ದಿಯಾಗಿ, ಪಕ್ಕದ ಊರಿನಲ್ಲಿ ಬಿಎ ಓದುವ ಹುಡುಗಿ ತನ್ನ ಲ್ಯಾಪ್‌ಟಾಪ್ ಹಿಡಿದು ತಂದೆಯ ಜೊತೆ ಬಂದಳು. "ಅಣ್ಣಾ, ಇದೂ ಬಿಸಿ ಆಗ್ತದ. ಟಚ್‌ಪ್ಯಾಡ್ ಒತ್ತಿದ್ರ ಒತ್ತಂಗಿಲ್ಲ, ಮ್ಯಾಲೆ ಎದ್ದಂಗ ಆಗ್ಯಾದ" ಅಂದಳು. ಕಟ್ಟೆಯ ಕಲ್ಲಿನ ಮೇಲಿಟ್ಟೆ. ಸಮತಟ್ಟು ಕಲ್ಲಿನ ಮೇಲೆ ಅದು ತೊಟ್ಟಿಲಿನಂತೆ ಅತ್ತಿತ್ತ ತೂಗಿತು. ತಳ ಉಬ್ಬಿತ್ತು.

ಅಣ್ಣನನ್ನು ಕರೆಸಿದೆ. ಅವನು ನೋಡಿದ ತಕ್ಷಣ ಆಫ್ ಮಾಡಿಸಿದ, ಚಾರ್ಜರನ್ನು ಹುಡುಗಿಯ ಕೈಯಿಂದ ಇಸಿದುಕೊಂಡ. ಬ್ಯಾಟರಿಯ ಒಳಗೆ ಗ್ಯಾಸ್ ತುಂಬಿ ಅದು ದಿಂಬಿನಂತೆ ಊದಿಕೊಂಡು ಟಚ್‌ಪ್ಯಾಡನ್ನು ಕೆಳಗಿನಿಂದ ಎತ್ತುತ್ತಿತ್ತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರೆ, "ಎರಡು ತಿಂಗಳಾತು. ರಾತ್ರಿ ಓದಿ ತಲೆದಿಂಬಿನ ಬಾಜೂಕ ಇಟ್ಕೊಂಡು ಮಕ್ಕೋತೀನಿ, ಚಾರ್ಜಿಗೆ ಹಾಕಿ" ಅಂದಳು. ಅವಳ ತಂದೆ ಏನೂ ಮಾತಾಡಲಿಲ್ಲ. ಮಗಳ ಕಡೆ ನೋಡಿದರು, ಲ್ಯಾಪ್‌ಟಾಪ್ ಕಡೆ ನೋಡಿದರು.

ಇದನ್ನು ಓದುತ್ತಿರುವವರು ಯಾರ ಮನೆಯಲ್ಲಾದರೂ ಲ್ಯಾಪ್‌ಟಾಪ್ ಇದ್ದರೆ ಈಗಲೇ ಅದನ್ನು ಸಮತಟ್ಟು ಕಲ್ಲಿನ ಮೇಲಿಟ್ಟು ನೋಡಿ. ತೂಗಾಡಿದರೆ, ಟಚ್‌ಪ್ಯಾಡ್ ಎದ್ದಿದ್ದರೆ, ಮುಚ್ಚಳ ಸರಿಯಾಗಿ ಮುಚ್ಚದಿದ್ದರೆ, ಸಿಹಿಸಿಹಿಯಾದ ಔಷಧಿಯಂಥ ವಾಸನೆ ಬಂದರೆ ಆಫ್ ಮಾಡಿ, ಚಾರ್ಜ್ ಹಾಕಬೇಡಿ. ಊದಿದ ಬ್ಯಾಟರಿಯನ್ನು ಸೂಜಿಯಿಂದ ಚುಚ್ಚಿ ಗ್ಯಾಸ್ ತೆಗೆಯಬಹುದು ಎನ್ನುವವರ ಮಾತು ಕೇಳಬೇಡಿ, ಗಾಳಿ ತಗುಲಿದ ಕ್ಷಣ ಹೊತ್ತಿಕೊಳ್ಳಬಹುದು. ಒತ್ತಬೇಡಿ, ಮಡಚಬೇಡಿ, ತಣ್ಣಗಾಗಲೆಂದು ಫ್ರಿಜ್ಜಿನಲ್ಲಿ ಇಡಬೇಡಿ. ಹೊಗೆ ಕಾಣಿಸಿದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ, ಆ ಹೊಗೆ ವಿಷ.

ಅವಳ ಬ್ಯಾಟರಿಯನ್ನು ಅಣ್ಣ ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದ. ಅರ್ಧ ಗಂಟೆ ಹಿಡಿಯಿತು, ಅಷ್ಟು ಹೊತ್ತೂ ಪಕ್ಕದಲ್ಲಿ ಒಂದು ಬುಟ್ಟಿ ಮರಳು ಇಟ್ಟುಕೊಂಡಿದ್ದ. ಕೈ ಪಳಗದವರು ಈ ಕೆಲಸಕ್ಕೆ ಹೋಗಬೇಡಿ. ಬ್ಯಾಟರಿ ಇಲ್ಲದೆಯೂ ಅವಳ ಲ್ಯಾಪ್‌ಟಾಪ್ ಚಾರ್ಜರ್ ಮೇಲೆ ನಡೆಯಿತು, ಎಲ್ಲವೂ ಹಾಗೆ ನಡೆಯುವುದಿಲ್ಲ, ಇದು ನಡೆಯಿತು. ಪರೀಕ್ಷೆ ಮುಗಿಯುವವರೆಗೆ ಕರೆಂಟ್ ಇದ್ದಾಗ ಓದುತ್ತೇನೆ ಎಂದು ಹೇಳಿ ಹೋದಳು. ಹೊಸ ಬ್ಯಾಟರಿಗೆ ಅವಳ ತಂದೆ ಹತ್ತಿ ಮಾರಿದ ಮೇಲೆ ನೋಡೋಣ ಎಂದಿದ್ದಾರೆ.

ಹಳೆ ಬ್ಯಾಟರಿ ಎರಡೂ, ನನ್ನದು ಮತ್ತು ಅವಳದು, ಸದ್ಯ ಅಣ್ಣನ ಅಂಗಡಿಯ ಹಿಂದೆ ತಗಡಿನ ಡಬ್ಬಿಯಲ್ಲಿ ಮರಳಿನೊಳಗೆ ಇವೆ. ತಿಪ್ಪೆಗೆ ಎಸೆಯುವಂತಿಲ್ಲ, ಗುಜರಿಯವನಿಗೆ ಕೊಟ್ಟರೆ ಅವನು ಸುತ್ತಿಗೆಯಿಂದ ಒಡೆಯುತ್ತಾನೆ. ಬಳಸಿ ಮುಗಿದ ಬ್ಯಾಟರಿಯನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಜವಾಬ್ದಾರಿ ತಯಾರಕರದ್ದು ಎಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಅದರ ಪ್ರತಿಯೊಂದನ್ನು ಫೋನಿನಲ್ಲಿ ಇಳಿಸಿಕೊಂಡಿದ್ದೇನೆ. ಸೋಮವಾರ ಸರ್ವಿಸ್ ಸೆಂಟರಿಗೆ ಡಬ್ಬಿ ಒಯ್ಯುತ್ತಿದ್ದೇನೆ. ತಗೊಂಡರೆ ಸರಿ, ತಗೊಳ್ಳದಿದ್ದರೆ ಅದೊಂದು ಸುದ್ದಿ.